ಕುತ್ತಿಗೆಯಿಂದ ಮೇಲಿನ ಕೆಲಸ

ಕಿರೀಟ ಮಾಡುವುದನ್ನು ಕಲಿಯಲು ನನ್ನ ಹತ್ತಿರ ಯಾರೂ ಬರಬೇಡಿ. ರಾಜರ ಮೂರ್ತಿ ಮಾಡುತ್ತಲೇ ತಲೆ ನರೆಸಿಕೊಂಡವಳು ನಾನು. ಆದರೂ ಒಂದು ಕಿರೀಟ ಮಾಡಿಲ್ಲ, ಒಂದು ಖಡ್ಗ ಮಾಡಿಲ್ಲ. ನನ್ನದು ಕುತ್ತಿಗೆಯಿಂದ ಮೇಲಿನ ಕೆಲಸ, ಅಂದರೆ ಮುಖ. ಎದೆಕವಚ, ಸಿಂಹಾಸನ, ಕತ್ತಿ, ಕಾಲಿನ ಚಪ್ಪಲಿ, ಕೊನೆಗೆ ತಲೆಯ ಮೇಲೆ ಕೂರುವ ಕಿರೀಟ, ಇವೆಲ್ಲ ಬಸವಕಲ್ಯಾಣದ ಚಾಂದಸಾಬ ಉಸ್ತಾದರ ಪಾಲು. ಹುಮನಾಬಾದಿನಲ್ಲಿ ನಾನು ತಲೆ ಮಾಡುತ್ತಿದ್ದೆ, ಕಲ್ಯಾಣದಲ್ಲಿ ಅವರು ಮೈ ಮಾಡುತ್ತಿದ್ದರು. ಹೀಗೆಯೇ ನಮ್ಮ ಇಬ್ಬರ ಹರೆಯ ಮುಗಿಯಿತು.

ಈಚೆಗೆ ಚಿಟಗುಪ್ಪದಿಂದ ಇಬ್ಬರು ಹುಡುಗಿಯರು ಬಂದಿದ್ದರು. ಚಿತ್ರಕಲೆ ಕಲಿತವರು, ಮೂರ್ತಿ ಕೆಲಸಕ್ಕೆ ಸೇರಬೇಕೆಂದಿದ್ದಾರೆ. ಈ ಕೆಲಸ ನಿಜವಾಗಿ ಹೇಗಿರುತ್ತದೆ ಹೇಳಿ ಎಂದು ಕೇಳಿದರು. ಚಹಾ ಕುಡಿಯುತ್ತ ಅರ್ಧ ಹೇಳಿದೆ, ಅಷ್ಟರಲ್ಲಿ ಅವರ ಬಸ್ಸಿನ ಹೊತ್ತಾಯಿತು. ಉಳಿದರ್ಧವನ್ನು ಬರೆಯೋಣವೆಂದು ಕುಳಿತಿದ್ದೇನೆ. ಶಾಲು, ಫಲಕ ಸಿಕ್ಕ ಕಥೆ ಇದರಲ್ಲಿಲ್ಲ. ಫಲಕಗಳು ಕಪಾಟಿನ ಮೇಲಿವೆ, ಬಂದವರು ನೋಡಿಕೊಳ್ಳಬಹುದು.

ಮೊದಲು ನನ್ನ ಮೇಷ್ಟ್ರ ವಿಷಯ. ಕಲಬುರಗಿಯಲ್ಲಿ ನಾನು ಕಲಿತ ಕಲಾಶಾಲೆಯಲ್ಲಿ ಒಂದು ಪ್ಲಾಸ್ಟರಿನ ಎದೆಮೂರ್ತಿ ಇತ್ತು. ಯುರೋಪಿನ ಪುನರುಜ್ಜೀವನ ಕಾಲದ ಯಾವನೋ ದೊರೆ. ಹೈದರಾಬಾದಿನ ಯಾರದೋ ಹವೇಲಿಯಿಂದ ಬಂದದ್ದಂತೆ, ನಕಲಿನ ನಕಲು, ಒಂದು ಕಿವಿ ಮುಕ್ಕಾಗಿತ್ತು. ಶಿಲ್ಪದ ಮೇಷ್ಟ್ರು ಮೊದಲನೆಯ ದಿನ ತಮ್ಮ ಕರವಸ್ತ್ರವನ್ನು ಆ ದೊರೆಯ ಮುಖಕ್ಕೆ ಹೊದಿಸಿ, ಇವನು ಯಾರು ಎಂದು ಕೇಳಿದರು. ಎದೆಯ ಮೇಲೆ ಕವಚ, ಕವಚದ ಮೇಲೆ ಬಾಯಿ ತೆರೆದ ಸಿಂಹದ ಮುಖ, ಬಲಭುಜದ ಮೇಲೆ ಗಂಟು ಹಾಕಿದ ಮೇಲುವಸ್ತ್ರ. ನಾವೆಲ್ಲ ರಾಜ ಎಂದೆವು. ಆಮೇಲೆ ಮುಖ ತೆರೆದು ಮೈಗೆ ಹೊದಿಕೆ ಹಾಕಿದರು. ಈಗ ಯಾರು ಎಂದರು. ನನಗೆ ನಗು ತಡೆಯಲಾಗಲಿಲ್ಲ. ಹಲ್ಲುನೋವಿನಿಂದ ನಿದ್ದೆಗೆಟ್ಟ ಗುಮಾಸ್ತನಂತೆ ಕಾಣುತ್ತಾನೆ ಸರ್ ಎಂದೆ.

ಮೇಷ್ಟ್ರು ಬೈಯಲಿಲ್ಲ. ಆ ಕಾಲದ ಶಿಲ್ಪಿಗಳು ತಮ್ಮ ದೊರೆಗಳಿಗೆ ಹಳೆಯ ರೋಮಿನ ಚಕ್ರವರ್ತಿಗಳ ಕವಚ ತೊಡಿಸುತ್ತಿದ್ದರು, ದೊರೆ ಅಂಥದ್ದನ್ನು ಯುದ್ಧದಲ್ಲಿ ತೊಟ್ಟೇ ಇರಲಿಕ್ಕಿಲ್ಲ ಎಂದು ವಿವರಿಸಿದರು. ಅದೇ ಮೂರ್ತಿಯಲ್ಲಿ ಇನ್ನೊಂದು ವಿಷಯ ತೋರಿಸಿದರು. ಈ ದೊರೆಗೆ ಕಿರೀಟವೇ ಇಲ್ಲ, ಬರೀ ತಲೆ. ಆದರೆ ಕುತ್ತಿಗೆ ಒಂದು ಕಡೆಗೆ ಥಟ್ಟನೆ ತಿರುಗಿದೆ, ಯಾರೋ ಅನುಮತಿಯಿಲ್ಲದೆ ಒಳಗೆ ಬಂದರೆಂಬಂತೆ ನೋಡುತ್ತಿದ್ದಾನೆ. ನೋಡುವವನೇ ತಪ್ಪು ಮಾಡಿದಂತೆ ನಿಲ್ಲಬೇಕಾಗುತ್ತದೆ. ಅಧಿಕಾರ ಅಂದರೆ ಅಷ್ಟೇ ಎಂದರು ಮೇಷ್ಟ್ರು. ನಾನು ಆ ಮುಕ್ಕು ಕಿವಿಯ ದೊರೆಯನ್ನು ಎಷ್ಟು ಸಲ ಮಣ್ಣಿನಲ್ಲಿ ತಿದ್ದಿದೆನೋ ಲೆಕ್ಕವಿಲ್ಲ. ಅವನ ಮೇಲೆ ನನಗೆ ಒಂದು ಬಗೆಯ ಪ್ರೀತಿಯೇ ಹುಟ್ಟಿಬಿಟ್ಟಿತ್ತು.

ಊರಿಗೆ ಬಂದ ಮೇಲೆ ಕೆಲಸ ಹುಡುಕುತ್ತ ಚಾಂದಸಾಬರ ಅಂಗಳಕ್ಕೆ ಹೋದೆ. ಅವರ ಮನೆತನದವರು ಕಲ್ಯಾಣದಲ್ಲಿ ತಲೆತಲಾಂತರದಿಂದ ಗಚ್ಚಿನ ಕೆಲಸದವರು. ಸುಣ್ಣ, ಮರಳು, ಬೆಲ್ಲದ ನೀರು ಕಲಸಿ ಗುಮ್ಮಟಕ್ಕೆ ಹೂಬಳ್ಳಿ ಬಿಡಿಸುವ ಕೈ. ಆ ಕೆಲಸ ಕಡಿಮೆಯಾದಾಗ ಚೌಕದ ಮೂರ್ತಿಗಳಿಗೆ ಇಳಿದಿದ್ದರು. ಆದರೆ ಜೀವ ಇರುವುದರ ಮುಖ ಮಾಡುತ್ತಿರಲಿಲ್ಲ. ಅವರ ತಂದೆ ಮಾಡಿರಲಿಲ್ಲ, ಅವರೂ ಮಾಡಲಿಲ್ಲ. ಬೇರೆಯವರು ಮಾಡಿದರೆ ಅದಕ್ಕೊಂದು ಮಾತೂ ಆಡುವವರಲ್ಲ. ನಾನು ಹೋದ ದಿನ ಅಂಗಳದಲ್ಲಿ ತಲೆಯಿಲ್ಲದ ಮೂರು ನಾಲ್ಕು ಮಹಾಪುರುಷರು ಸಾಲಾಗಿ ನಿಂತಿದ್ದರು. ಮುಖ ಮಾಡುವವನು ಕೈಕೊಟ್ಟು ಹೋಗಿದ್ದನಂತೆ. ನನ್ನನ್ನು ಮೇಲೆ ಕೆಳಗೆ ನೋಡಿ ಉಸ್ತಾದರು, ಮುಖ ಬರ್ತದೇನ್ರಿ ಬಾಯಿ ಎಂದು ಕೇಳಿದರು; ನಮ್ಮ ಕಡೆ ಹೆಂಗಸರನ್ನು ಮರ್ಯಾದೆಯಿಂದ ಕರೆಯುವುದೇ ಬಾಯಿ ಎಂದು. ಬರ್ತದ ಎಂದೆ. ಹಾಗಾದರೆ ಇವರಿಗೆಲ್ಲ ಬಿಡುಗಡೆ ಮಾಡ್ರಿ ಎಂದರು.

ತಲೆ ಸಾಗಿಸುವುದೇ ಒಂದು ಪಾಡು. ಹುಮನಾಬಾದಿನಿಂದ ಕಲ್ಯಾಣಕ್ಕೆ ಬಸ್ಸಿನಲ್ಲಿ, ಹುಲ್ಲು ತುಂಬಿದ ಗೋಣಿಚೀಲದಲ್ಲಿ, ತೊಡೆಯ ಮೇಲೆ ಇಟ್ಟುಕೊಂಡು ಹೋಗುತ್ತಿದ್ದೆ. ಒಮ್ಮೆ ರಾಜೇಶ್ವರ ಎಂಬ ಊರು ದಾಟಿದ ಮೇಲೆ ಬಸ್ಸು ಜಿಗಿದು ಚೀಲದ ಬಾಯಿ ಬಿಚ್ಚಿಕೊಂಡಿತು. ಪಕ್ಕದಲ್ಲಿದ್ದ ಹೆಣ್ಣುಮಗಳು ಒಳಗಿದ್ದ ಮೀಸೆ ಕಂಡು ಎದ್ದು ಹಿಂದಿನ ಸೀಟಿಗೆ ಓಡಿದಳು. ಕಂಡಕ್ಟರ್ ಬಂದು, ಇದಕ್ಕೆ ಫುಲ್ ಟಿಕೆಟೋ ಹಾಫ್ ಟಿಕೆಟೋ ಎಂದು ಕೇಳಿದ. ರಾಜರಿಗೆ ಪಾಸು ಇರ್ತದ ಎಂದು ಗದರಿಸಿ ಸುಮ್ಮನಾಗಿಸಿದೆ.

ಬೇರೆ ಬೇರೆ ಊರಿನಲ್ಲಿ ಮಾಡಿ ಕುತ್ತಿಗೆಯಲ್ಲಿ ಕೂಡಿಸುವವರಿಗೆ ಮಾತ್ರ ಆಗುವ ತಪ್ಪೊಂದಿದೆ. ನಾನು ಮುಖ ಎಡಕ್ಕೆ ತಿರುಗಿಸಿರುತ್ತಿದ್ದೆ, ಮುಕ್ಕು ಕಿವಿಯ ದೊರೆಯ ಪ್ರಭಾವ. ಅವರು ಭುಜ ಎಡಕ್ಕೆ ತಿರುಗಿಸಿರುತ್ತಿದ್ದರು, ಕತ್ತಿ ಎಳೆಯುವವನ ಭಂಗಿ. ಎರಡೂ ಕೂಡಿದಾಗ ಹೆದ್ದಾರಿಯ ಒಂದು ಊರಿನಲ್ಲಿ ರಾಜ ಜನರ ಕಡೆಗೆ ಬೆನ್ನು ಕೊಟ್ಟು, ರಸ್ತೆಯಾಚೆಯ ಸಾರಾಯಿ ಅಂಗಡಿಯನ್ನೇ ದಿಟ್ಟಿಸುವಂತಾಯಿತು. ಊರಿನವರಿಗೆ ಅದು ಗೊತ್ತಾದದ್ದು ಪರದೆ ಸರಿದ ಮೇಲೆ. ಅಂಗಡಿಯವನಿಗೆ ಮಾತ್ರ ಭಾರೀ ಖುಷಿ. ನಾನು ಉಸ್ತಾದರ ಮೇಲೆ ಕೂಗಾಡಿದೆ, ಅವರು ನನ್ನ ಮೇಲೆ ಕೂಗಾಡಿದರು. ಒಂದು ವಾರ ಮಾತಿಲ್ಲ. ಆಮೇಲೆ ಅವರೇ ಒಂದು ದಾರಿ ಕಂಡುಹಿಡಿದರು: ಮೈಯ ಕೆಲಸ ಶುರುವಾಗುವ ಮೊದಲು ಒಂದು ಸೌತೆಕಾಯಿಯಲ್ಲಿ ಕುತ್ತಿಗೆಯ ತಿರುವು ಕೆತ್ತಿ ನನಗೆ ಕಳಿಸುವುದು. ಅದನ್ನು ನೋಡಿಕೊಂಡು ನಾನು ಮುಖ ಶುರು ಮಾಡುತ್ತಿದ್ದೆ, ಮುಗಿದ ಮೇಲೆ ಉಪ್ಪು ಹಚ್ಚಿ ತಿನ್ನುತ್ತಿದ್ದೆ.

ಈಗ ಇದೆಲ್ಲ ಇಲ್ಲ ಎಂದು ಗೊತ್ತು. ಗಚ್ಚು ಹೋಗಿ ಸಿಮೆಂಟು ಬಂತು, ಸಿಮೆಂಟು ಹೋಗಿ ಫೈಬರ್ ಬಂತು. ಈಗ ಕಂಪ್ಯೂಟರಿನಲ್ಲಿ ಮುಖ ಮಾಡಿ ಕೊಟ್ಟರೆ ಯಂತ್ರವೇ ಥರ್ಮೊಕೋಲಿನಲ್ಲಿ ಕೊರೆಯುತ್ತದೆ. ತಲೆಗೂ ಮೈಗೂ ಒಂದು ಕೂದಲಿನಷ್ಟೂ ವ್ಯತ್ಯಾಸ ಬರುವುದಿಲ್ಲ. ಕಲಿಯಿರಿ, ಬೇಡ ಎನ್ನುವುದಿಲ್ಲ. ಆದರೆ ಮುಖ ಮಾಡಿಸಿಕೊಳ್ಳಲು ಬರುವವರು ಬದಲಾಗಿಲ್ಲ. ಮೀಸೆ ದೊಡ್ಡದಿರಲಿ, ಎದೆ ಅಗಲವಿರಲಿ, ಕುದುರೆ ಎರಡು ಕಾಲು ಎತ್ತಲಿ ಎಂದೇ ಇಂದಿಗೂ ಕೇಳುತ್ತಾರೆ. ಅದಕ್ಕಿಂತ ಹೆಚ್ಚಿನದನ್ನು ಕೇಳಿದವನು ಒಬ್ಬನೇ. ಉಳಿದ ಕಾಗದವನ್ನು ಅವನಿಗೇ ಕೊಡುತ್ತೇನೆ.

ನಾನು ಕೆಲಸ ನಿಲ್ಲಿಸುವ ಸ್ವಲ್ಪ ಮೊದಲಿನ ಮಾತು. ಕಲ್ಯಾಣದ ಹೊರಗಿನ ಒಂದು ಹೊಸ ಬಡಾವಣೆಯವರು ತಮ್ಮ ಚೌಕದಲ್ಲಿ ಚಾಲುಕ್ಯ ದೊರೆಯ ಮೂರ್ತಿ ನಿಲ್ಲಿಸಬೇಕೆಂದು ಸಮಿತಿ ಮಾಡಿಕೊಂಡರು. ಖರ್ಚೆಲ್ಲ ಮಾಣಿಕಪ್ಪ ಎಂಬ ರಸ್ತೆ ಗುತ್ತಿಗೆದಾರನದು. ಕಲ್ಯಾಣದಿಂದ ಆಳಿದ ಆ ದೊರೆಗಳ ಮುಖ ನಮಗೆ ಯಾರಿಗೂ ಗೊತ್ತಿಲ್ಲ. ಶಾಸನಗಳಲ್ಲಿ ಬಿರುದುಗಳ ಸಾಲಿದೆ, ವರಾಹದ ಗುರುತಿದೆ. ಮೂಗು ಉದ್ದವೋ ಚಪ್ಪಟೆಯೋ ಯಾರೂ ಬರೆದಿಟ್ಟಿಲ್ಲ. ಹೀಗಾಗಿ ನನ್ನ ಇಷ್ಟದ ಮುಖ ಮಾಡಬಹುದೆಂದು ಹಿಗ್ಗಿನಲ್ಲಿದ್ದೆ. ಅಷ್ಟರಲ್ಲಿ ಮಾಣಿಕಪ್ಪ ಒಬ್ಬನೇ ನನ್ನ ಮನೆಗೆ ಬಂದ. ಕಾರಿನ ಬಾಗಿಲು ಮೆಲ್ಲಗೆ ಹಾಕಿ, ಚಪ್ಪಲಿ ದೂರದಲ್ಲೇ ಬಿಟ್ಟು ಒಳಗೆ ಬಂದು ಕುಳಿತ.

“ರಾಜಗ ನಮ್ಮಪ್ಪನ ಮುಖ ಮಾಡ್ರಿ ಬಾಯಿ,” ಎಂದ.

ನನಗೆ ಸಿಟ್ಟು ನೆತ್ತಿಗೇರಿತು. ದುಡ್ಡು ಕೊಡುವವನ ಮುಖ ದೇವರಿಗೂ ಅಂಟಿಸುವ ಚಟ ಎಲ್ಲ ಕಾಲದಲ್ಲೂ ಇತ್ತೆಂದು ನಮ್ಮ ಮೇಷ್ಟ್ರು ಹೇಳಿದ್ದರು. ನಿಮ್ಮಪ್ಪ ಯಾವ ಸಾಮ್ರಾಜ್ಯ ಆಳಿದ್ದಪ್ಪ ಎಂದು ಚುಚ್ಚಿದೆ. ಆತ ಬೇಸರ ಮಾಡಿಕೊಳ್ಳಲಿಲ್ಲ. ತಂದೆಯ ಹೆಸರು ಧೂಳಪ್ಪ, ಊರು ಕೊಡಂಬಲದ ಹತ್ತಿರ, ಕಲ್ಯಾಣದಲ್ಲಿ ಗಚ್ಚಿನ ಕೆಲಸ ನಡೆಯುವಲ್ಲೆಲ್ಲ ಸುಣ್ಣದ ಬುಟ್ಟಿ ಹೊರುತ್ತಿದ್ದ ಎಂದು ಹೇಳಿದ. ಕೋಟೆಯ ಗೋಡೆ ದುರಸ್ತಿಗೂ ಹೊತ್ತಿದ್ದನಂತೆ. ಮಾಣಿಕಪ್ಪ ಇನ್ನೂ ಅಂಗಿ ಗುಂಡಿ ಹಾಕಿಕೊಳ್ಳಲು ಬಾರದ ವಯಸ್ಸಿನಲ್ಲಿದ್ದಾಗಲೇ ಧೂಳಪ್ಪ ತೀರಿಕೊಂಡಿದ್ದ. ಫೋಟೊ ಕೊಡು ಎಂದೆ.

“ಫೋಟೊ ಇಲ್ರಿ. ಒಂದೂ ತೆಗಿಸಿಲ್ಲ. ಅವ್ವಗ ನೆನಪದ. ಅಕಿ ಕಣ್ಣಾಗ ಪೊರಿ ಬಂದದ, ದಿನಾ ಕಮ್ಮಿ ಕಾಣಾಕತ್ತದ. ಪೂರಾ ಹೋಗೋದ್ರಾಗ ಒಂದ್ಸಲ ಅವರ ಮುಖ ನೋಡಬೇಕಂತಾಳ.”

ಕಣ್ಣಿಗೆ ಆಪರೇಷನ್ ಮಾಡಿಸಬಾರದೇ ಎಂದೆ. ಒಂದು ಕಣ್ಣಿಗೆ ಮಾಡಿಸಿ ಆಗಿದೆ, ಅದು ಹಿಡಿಯಲಿಲ್ಲ, ಇನ್ನೊಂದನ್ನು ಮುಟ್ಟಲು ಡಾಕ್ಟರು ಹೆದರುತ್ತಾರೆ ಎಂದ. ಹಾಗಾದರೆ ಮನೆಗೊಂದು ಸಣ್ಣ ಮೂರ್ತಿ ಮಾಡಿಸು, ರಾಜನಿಗೇಕೆ ಎಂದೆ. ಮನೆಯಲ್ಲಿಟ್ಟರೆ ತಾನು ಸತ್ತ ಮೇಲೆ ಮೂಲೆಗೆ ಬೀಳುತ್ತದೆ, ರಾಜನನ್ನಾದರೆ ಊರು ಕಾಯುತ್ತದೆ ಎಂದು ಉತ್ತರ ಕೊಟ್ಟ. ಎಲ್ಲಾ ಯೋಚನೆ ಮಾಡಿಯೇ ಬಂದಿದ್ದ. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅವ್ವನನ್ನು ಕರೆದುಕೊಂಡು ಬಾ ಎಂದೆ.

ಇದನ್ನು ಉಸ್ತಾದರಿಗೆ ಹೇಳಿದೆ. ಧೂಳಪ್ಪ ಅವರ ತಂದೆಯ ಕೈಕೆಳಗೆ ಕೆಲಸ ಮಾಡಿದ್ದ, ಆಗ ಉಸ್ತಾದರೂ ಸಣ್ಣವರು.

“ಮುಖ ನಂಗ ಯಾದ್ ಇಲ್ರಿ ಬಾಯಿ. ಕುತ್ತಿಗಿ ಖರೇ ನೆನಪದ. ಬುಟ್ಟಿ ಹೊತ್ತು ಹೊತ್ತು ಭುಜದಾಗ ಇಳಿದಿತ್ತು. ಅದು ನಾ ಮಾಡ್ತೀನಿ.”

ಆ ಸಲ ಬಂದ ಸೌತೆಕಾಯಿ ಗಿಡ್ಡ, ದಪ್ಪ. ಯಾವ ಕಡೆಗೂ ತಿರುಗಿರಲಿಲ್ಲ, ನೆಟ್ಟಗಿತ್ತು. ತಲೆಯ ಮೇಲೆ ಭಾರವಿದ್ದವನು ಕುತ್ತಿಗೆ ತಿರುಗಿಸಲಾರ.

ಮಾಣಿಕಪ್ಪನ ಅವ್ವ ನಾಗಮ್ಮ ಬರತೊಡಗಿದಳು. ಒಣಗಿದ ಸಣ್ಣ ಜೀವ, ಮಾತು ಮಾತ್ರ ಖಾರ. ಒಂದು ಕಣ್ಣಿನಲ್ಲಿ ಅಷ್ಟಿಷ್ಟು ಬೆಳಕಿತ್ತು. ಮಣ್ಣಿನ ತಲೆಯ ಹತ್ತಿರ ಸ್ಟೂಲು ಹಾಕಿಕೊಂಡು, ಸೆರಗು ಹೆಗಲಿಗಿಳಿಸಿ, ನನ್ನ ಅಕ್ಕನಂತೆ ಕುಳಿತುಬಿಡುತ್ತಿದ್ದಳು. ಮೂಗು ಇಷ್ಟು ಚೆಂದ ಇರಲಿಲ್ಲ ಎನ್ನುವಳು. ಕಣ್ಣು ಇಷ್ಟು ಅಗಲ ಯಾಕೆ, ಸುಣ್ಣದ ಧೂಳಿಗೆ ಕಿರಿದು ಮಾಡಿಕೊಂಡೇ ಇರುತ್ತಿದ್ದರು ಎನ್ನುವಳು. ಕೆನ್ನೆಯನ್ನು ಬೆರಳಿನಿಂದ ತಡವಿ ಇಲ್ಲೊಂದು ಗುಳಿ ಬರಬೇಕು ಎನ್ನುವಳು. ಎಲ್ಲವನ್ನೂ ತಿದ್ದಿದೆ. ತಿದ್ದಿದ ಮೇಲೆ ದೂರ ಸರಿದು ನೋಡಿ, ಅಲ್ಲ, ಇವರು ಬೇರೆ ಯಾರೋ ಎಂದುಬಿಡುತ್ತಿದ್ದಳು. ಉಸ್ತಾದರು ಒಂದು ತಗಡಿನ ಕಿರೀಟ ಕಳಿಸಿದ್ದರು. ಮುಖದ ಅಳತೆ ತಪ್ಪಬಾರದೆಂದು ಅದನ್ನು ಮಣ್ಣಿನ ತಲೆಯ ಮೇಲೆ ಇಟ್ಟುಕೊಂಡೇ ಕೆಲಸ ಮಾಡುವುದು ನಮ್ಮ ರೂಢಿ.

ದಿನಗಳು ಹೋದವು. ಒಂದು ದಿನ ಆಕೆ ಬಾಗಿಲ ಬೆಳಕನ್ನು ನೋಡಿ, ಇವತ್ತು ಮೋಡ ಏನ್ರಿ ಎಂದು ಕೇಳಿದಳು. ಹೊರಗೆ ಸುಡುಬಿಸಿಲಿತ್ತು. ಮಾಣಿಕಪ್ಪ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಆಕೆಗೆ ಬೆಳಕು ಉಳಿದಿರುವಷ್ಟರಲ್ಲಿ ನನ್ನಿಂದ ಇದು ಆಗುವುದಿಲ್ಲವೆಂದೇ ಅನ್ನಿಸಿತು. ಎಷ್ಟೋ ಮಹಾಪುರುಷರ ಮುಖ ಮಾಡಿ ಸೈ ಅನ್ನಿಸಿಕೊಂಡವಳಿಗೆ ಒಬ್ಬ ಸುಣ್ಣ ಹೊರುವವನ ಮುಖ ಸಿಗಲಿಲ್ಲವಲ್ಲ ಎಂದು ಅಳುವೇ ಬಂತು. ಇವತ್ತಿಗೆ ಸಾಕು ಅವ್ವ ಎಂದು ಹೇಳಿ ಕಿರೀಟ ತೆಗೆದಿಟ್ಟೆ. ಮಣ್ಣು ಒಣಗಬಾರದೆಂದು ಊಟಕ್ಕೇಳುವ ಮುಂಚೆ ತಲೆಗೆ ಒದ್ದೆ ಬಟ್ಟೆ ಸುತ್ತುವುದುಂಟು. ಹಳೆಯ ಪಂಚೆಯೊಂದನ್ನು ನೀರಿನಲ್ಲಿ ಅದ್ದಿ, ಹಿಂಡಿ, ಹಣೆಯ ಮೇಲಿಂದ ಎರಡು ಸುತ್ತು ಸುತ್ತಿ ತುದಿಯನ್ನು ಕಿವಿಯ ಹಿಂದೆ ಸಿಕ್ಕಿಸಿದೆ. ಮುಖಕ್ಕೆ ಮುಚ್ಚುವುದು ಬಾಕಿಯಿತ್ತು.

ಬಾಗಿಲ ತನಕ ಹೋಗಿದ್ದ ನಾಗಮ್ಮ ತಿರುಗಿ ನಿಂತಿದ್ದಳು. ಗೋಡೆ ಹಿಡಿದುಕೊಂಡು ಹಿಂದಕ್ಕೆ ಬಂದಳು. ಎರಡೂ ಕೈಯಲ್ಲಿ ಆ ಮಣ್ಣಿನ ಕೆನ್ನೆ ಹಿಡಿದಳು.

“ಬಂದ್ರೇನ್ರಿ,” ಎಂದಳು.

ಅಷ್ಟೇ. ಮಾಣಿಕಪ್ಪ ಹೊರಗೆ ಹೋಗಿ ಕಾರಿಗೆ ಮುಖ ಕೊಟ್ಟು ನಿಂತ. ನಾನು ಪಂಚೆಯ ನೀರು ಆಕೆಯ ಮೊಣಕೈಯಿಂದ ಇಳಿಯುವುದನ್ನು ನೋಡುತ್ತ ಕುಳಿತೆ. ಗಂಡನ ತಲೆಯನ್ನು ಆಕೆ ನೋಡಿದ್ದೇ ಬುಟ್ಟಿಯ ಕೆಳಗೆ ಸುತ್ತಿಕೊಳ್ಳುವ ಸಿಂಬೆಯ ಬಟ್ಟೆಯ ಜೊತೆಗೆ. ನಾವು ಇಷ್ಟು ದಿನ ಅವನಿಗೆ ಕಿರೀಟ ಹಾಕಿ ತೋರಿಸುತ್ತಿದ್ದೆವು.

ಸ್ವಲ್ಪ ಹೊತ್ತಿನ ಮೇಲೆ ಆಕೆಯ ಕೈ ಮೇಜಿನ ಮೇಲಿನ ತಗಡಿನ ಕಿರೀಟಕ್ಕೆ ತಾಗಿತು. ಇದನ್ನು ಮತ್ತೆ ಇಡುತ್ತೀರಾ ಎಂದು ಕೇಳಿದಳು. ರಾಜನಲ್ಲವೇ ಅವ್ವ, ಇಡಲೇಬೇಕು ಎಂದೆ.

“ಬ್ಯಾಡ್ರಿ. ಜನ್ಮ ಎಲ್ಲ ತಲಿ ಮ್ಯಾಲ ಹೊತ್ತಾರ. ಇನ್ನೂ ಬೋಜಾ ಹೊರಸಬ್ಯಾಡ್ರಿ.”

ಮರುದಿನವೇ ಕಲ್ಯಾಣಕ್ಕೆ ಹೋದೆ. ಉಸ್ತಾದರು ಅಷ್ಟರಲ್ಲಿ ನಿಜವಾದ ಕಿರೀಟ ಮುಗಿಸಿದ್ದರು. ನಾರಾಯಣಪುರದ ಹಳೆಯ ಗುಡಿಯ ಗೋಡೆಗಳನ್ನು ನೋಡಿ ಬಂದು, ಮುತ್ತಿನ ಸಾಲು ಒಂದೊಂದಾಗಿ ಕೂರಿಸಿ ಮಾಡಿದ್ದು. ಅವರ ಕೈ ನಡುಗಲು ಶುರುವಾಗಿ ವರ್ಷವಾಗಿತ್ತು, ಇಂಥದ್ದು ಇನ್ನೊಂದು ಆಗುವುದಿಲ್ಲವೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆದರೂ ನಾಗಮ್ಮನ ಮಾತನ್ನು ಹೇಗೋ ಹೇಳಿದೆ. ಅವರು ಕಿರೀಟವನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು, ಮತ್ತೆ ಕೆಳಗಿಟ್ಟರು. ರಾಜ ಸಿಂಹಾಸನದ ಮೇಲೆ ಕುಳಿತ ಮೂರ್ತಿ ಅದು. ಸಿಂಹಾಸನದ ಬಲಗಡೆ ಒಂದು ದಿಂಬು ಮಾಡಿ, ಕಿರೀಟವನ್ನು ಅದರ ಮೇಲಿಟ್ಟು, ರಾಜನ ಕೈಯನ್ನು ಪಕ್ಕಕ್ಕೆ ಇಳಿಬಿಟ್ಟರು. ಕಿರೀಟ ತೆಗೆದಿಟ್ಟು ಈಗ ತಾನೇ ಕುಳಿತವನಂತೆ ಕಂಡಿತು. ತಲೆಗೆ ಒಂದು ತುರುಬು ಕಟ್ಟಿ ಬರಿದಾಗಿಯೇ ಬಿಟ್ಟೆ.

ಸಮಿತಿಯವರು ಗಲಾಟೆ ಮಾಡಿದರು. ಕಿರೀಟವಿಲ್ಲದ ರಾಜ ಎಲ್ಲಿಯಾದರೂ ಉಂಟೇ ಎಂದರು. ಯುರೋಪಿನ ದೊರೆಗಳೇ ಬರಿತಲೆಯಲ್ಲಿ ಮೂರ್ತಿ ಮಾಡಿಸಿಕೊಂಡಿದ್ದಾರೆ ಎಂದು ನಾನು ನನ್ನ ಮುಕ್ಕು ಕಿವಿಯವನ ಕಥೆ ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಉಸ್ತಾದರು ಮೆಲ್ಲಗೆ, ಸಾಹೇಬರ, ಮನಿಯಾಗ ಕುಂತಾಗೂ ಟೊಪ್ಪಿಗಿ ಹಾಕ್ಕೊಂಡೇ ಕುಂಡ್ರತೀರೇನು ಎಂದು ಕೇಳಿದರು. ಅಧ್ಯಕ್ಷರು ತಮ್ಮ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಹಾಗಾದರೆ ಮೀಸೆಯಾದರೂ ದೊಡ್ಡದಿರಲಿ ಎಂದರು. ಸುಣ್ಣದ ಧೂಳಿಗೆ ಕಿರಿದಾದ ಆ ಕಣ್ಣುಗಳನ್ನು ನೋಡಿ, ರಾಜ ಬಹಳ ದೂರದ್ದನ್ನು ಯೋಚಿಸುತ್ತಿದ್ದಾನೆ ಎಂದು ಹೊಗಳಿದವರೂ ಅವರೇ.

ಪರದೆ ಸರಿಸುವಾಗ ನೆತ್ತಿ ಸುಡುವ ಮಧ್ಯಾಹ್ನ. ಅತಿಥಿಗಳು ತಡ ಮಾಡಿದ್ದರು. ನಾಗಮ್ಮನನ್ನು ಮಾಣಿಕಪ್ಪ ಮುಂದಿನ ಸಾಲಿನಲ್ಲಿ ಕೂರಿಸಿದ್ದ. ಬಟ್ಟೆ ಜಾರಿದ ಕೂಡಲೇ ಜನ ಚಪ್ಪಾಳೆ ತಟ್ಟಿದರು. ಆಕೆ ಚಪ್ಪಾಳೆ ತಟ್ಟಲಿಲ್ಲ. ನನ್ನ ಕೋಣೆಯಲ್ಲಿ ಸೆರಗು ಹೆಗಲಿಗಿಳಿಸಿ ಹರಟುತ್ತಿದ್ದವಳು ಈಗ ಸೆರಗನ್ನು ಹಣೆಯ ತನಕ ಎಳೆದುಕೊಂಡಳು. ನಾಲ್ಕು ಜನರ ನಡುವೆ ಗಂಡ ಎದುರಾದಾಗ ನಮ್ಮ ಕಡೆಯ ಹೆಂಗಸರು ಎಳೆದುಕೊಳ್ಳುವ ಹಾಗೆ. ನನಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಮುಖ ಮಾಡಿದ್ದಕ್ಕೆ ನನಗೆ ಸಿಕ್ಕ ಸಂತೋಷದಲ್ಲಿ ಅದಕ್ಕಿಂತ ದೊಡ್ಡದಿಲ್ಲ.

ಕಾಣಿಸ್ತಾ ಅವ್ವ ಎಂದು ಮಾಣಿಕಪ್ಪ ಬಗ್ಗಿ ಕೇಳಿದ. ಆಕೆ ಮುಖ ಎತ್ತಿಯೇ ಇದ್ದಳು.

“ಕಾಣ್ತಾರ. ಬಿಸಿಲಾಗ ಕುಂತಾರಪ. ಮ್ಯಾಲ ಏನೂ ನೆರಳಿಲ್ಲ,” ಎಂದಳು.

ಹಿಂದಿನ ಕುರ್ಚಿಯಲ್ಲಿದ್ದ ಉಸ್ತಾದರು ಅದನ್ನು ಕೇಳಿಸಿಕೊಂಡರು. ವಾರ ಕಳೆಯುವುದರೊಳಗೆ ಚೌಕದಲ್ಲಿ ಮರದ ಅಟ್ಟಣೆ ಎದ್ದಿತು. ಸಿಂಹಾಸನದ ಹಿಂದಿನಿಂದ ಒಂದು ಕಂಬ, ಕಂಬದ ತುದಿಗೆ ಅಗಲವಾದ ಕೊಡೆ, ಅಂಚಿಗೆ ಹೂಬಳ್ಳಿ, ಎಲ್ಲ ಅವರ ಮನೆತನದ ಹಳೆಯ ಗಚ್ಚಿನಲ್ಲಿ. ನಡುಗುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಬಳ್ಳಿ ಬಿಡಿಸುತ್ತಿದ್ದರು. ನೋಡಲಾರದೆ ನಾನು ಕೈಹಾಕಲು ಹೋದೆ. ಇದಕ್ಕ ಮುಖ ಇಲ್ರಿ ಬಾಯಿ, ನಿಮ್ಮ ಕೆಲಸ ಇಲ್ಲ, ಕುಂಡ್ರಿ ಎಂದು ನಕ್ಕರು. ಅದೇ ಅವರ ಕೊನೆಯ ಕೆಲಸ. ಈಗ ಮನೆಯಲ್ಲಿದ್ದಾರೆ, ನಾನು ಹೋದಾಗಲೆಲ್ಲ ಸೌತೆಕಾಯಿ ಹೆಚ್ಚಿ ಕೊಡುತ್ತಾರೆ.

ಮೊನ್ನೆ ಕಲ್ಯಾಣಕ್ಕೆ ಹೋದವಳು ಚೌಕದಲ್ಲಿ ಇಳಿದೆ. ಶಾಲೆಯೊಂದರ ಮಕ್ಕಳು ಬಂದಿದ್ದರು. ಅವರ ಮೇಷ್ಟ್ರು, ಬಿಳಿಯ ಕೊಡೆ ಚಕ್ರವರ್ತಿಯ ಗುರುತು, ಅದರ ಕೆಳಗೆ ಕುಳಿತವನಿಗೆ ನಾಡೆಲ್ಲ ತಲೆಬಾಗುತ್ತಿತ್ತು ಎಂದು ವಿವರಿಸುತ್ತಿದ್ದರು. ಮಕ್ಕಳು ಕತ್ತೆತ್ತಿ ನೋಡುತ್ತಿದ್ದರು. ಪೀಠದ ಮೆಟ್ಟಿಲ ಮೇಲೆ ನಾಗಮ್ಮ ಕುಳಿತಿದ್ದಳು. ಈಗ ಆಕೆಗೆ ಏನೂ ಕಾಣುವುದಿಲ್ಲ. ಮಾಣಿಕಪ್ಪ ಬೆಳಿಗ್ಗೆ ತಂದು ಬಿಟ್ಟು ಹೋಗುತ್ತಾನೆ. ಕೊಡೆಯ ನೆರಳು ಸರಿದು ಮೊಣಕಾಲಿಗೆ ಬಿಸಿಲು ತಾಗಿದಾಗ ಆಕೆ ಕೈಯೂರಿ ಸ್ವಲ್ಪ ಸರಿದಳು, ಮತ್ತೆ ಗಂಡನ ನೆರಳಿನಲ್ಲೇ ಕುಳಿತಳು.